ಅಕ್ಕಿ ಡಬ್ಬದೊಳಗಿನ ಊರು

ನಮ್ಮ ಭಾವ ಈ ಭೂಮಿಯ ಮೇಲೆ ಯಾರನ್ನೂ ನಂಬುವವರಲ್ಲ. ಹೀಗೆಂದರೆ ಅವರಿಗೆ ಬೇಜಾರೇನೂ ಆಗುವುದಿಲ್ಲ. ನಾನು ನಿಜವಾಗಿಯೂ ಹಾಗೆ ಅಂದೆನೇ ಎಂದು ಅಕ್ಕನನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ, ಅಷ್ಟೇ. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಎಳೆದು ನೋಡುವವರು ನಿಮ್ಮ ಮನೆಯಲ್ಲೂ ಇರಬಹುದು. ಆದರೆ ತಾವು ಬೀಗ ಎಳೆದು ನೋಡಿದ್ದಕ್ಕೆ ಸಾಕ್ಷಿಯಾಗಿ ಪಕ್ಕದ ಮನೆಯವರನ್ನು ಕರೆದು ನಿಲ್ಲಿಸಿಕೊಳ್ಳುವವರು ಇದ್ದಾರೆಯೇ? ನಮ್ಮಲ್ಲಿದ್ದಾರೆ. ಆ ಪಕ್ಕದ ಮನೆಯವರು ಈಚೆಗೆ ಭಾವನ ಸ್ಕೂಟರಿನ ಸದ್ದು ಕೇಳಿದರೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರಂತೆ.

ಈ ಸ್ವಭಾವ ನಮಗೆ ಮದುವೆಯ ದಿನವೇ ಗೊತ್ತಾಗಬೇಕಿತ್ತು. ಭಾವ ಯಾದಗಿರಿ ಕಡೆಯವರು, ನಾವು ಮೈಸೂರಿನವರು. ಛತ್ರದಲ್ಲಿ ಅವರ ಕಡೆಯವರು ಆಡುವ ಮಾತು ನಮಗೆ ಅರ್ಧ, ನಮ್ಮ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು. ಹಾಗಾಗಿ ಜಗಳಗಳೆಲ್ಲ ಅರ್ಧಕ್ಕೇ ನಿಂತು ಮದುವೆ ಸುಸೂತ್ರವಾಗಿ ನಡೆಯಿತು. ತಾಳಿ ಕಟ್ಟುವ ಹೊತ್ತಿಗೆ ನಾನು ಕಳಸ ಹಿಡಿದು ಅಕ್ಕನ ಪಕ್ಕದಲ್ಲೇ ನಿಂತಿದ್ದೆ. ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ಭಾವ ಮೂರು ಗಂಟು ಹಾಕಿದರು. ಆಮೇಲೆ ಎರಡು ಬೆರಳಿನಲ್ಲಿ ಗಂಟನ್ನು ಹಿಡಿದು ಒಮ್ಮೆ ಎಳೆದು ನೋಡಿದರು.

ಪುರೋಹಿತರು ಮಂತ್ರ ನಿಲ್ಲಿಸಿ, "ಸಾಕು ಬಿಡಪ್ಪ, ಅದೇನು ಬಿಚ್ಚಿಹೋಗೋದಿಲ್ಲ" ಅಂದರು.

"ಗಂಟು ನೀವು ಹೇಳಿದಂಗ ಹಾಕೀನ್ರಿ ಸ್ವಾಮೇರ. ಬಿಗಿ ಅದಾವಿಲ್ಲ, ಒಮ್ಮಿ ನೋಡಿದೆ" ಅಂದರು ಭಾವ.

ಅದೇ ಮದುವೆಗೆ ಅವರು ಇಬ್ಬರು ಫೋಟೋಗ್ರಾಫರುಗಳನ್ನು ಗೊತ್ತು ಮಾಡಿದ್ದರು. ಒಬ್ಬನ ರೀಲಿಗೆ ಬೆಳಕು ಬಿದ್ದು ಹಾಳಾದರೆ ಇನ್ನೊಬ್ಬನದು ಇರಲಿ ಎಂಬ ಲೆಕ್ಕಾಚಾರ. ಇಬ್ಬರದೂ ಚೆನ್ನಾಗಿಯೇ ಬಂತು. ಆದರೆ ಇಬ್ಬರೂ ಎದುರುಬದುರು ನಿಂತು ತೆಗೆದದ್ದರಿಂದ, ಅಕ್ಕನ ಎರಡು ಆಲ್ಬಮ್ಮುಗಳಲ್ಲಿ ಒಂದರಲ್ಲಿ ದಪ್ಪನೆಯ ಫೋಟೋಗ್ರಾಫರೂ ಇನ್ನೊಂದರಲ್ಲಿ ಬೋಳುತಲೆಯ ಫೋಟೋಗ್ರಾಫರೂ ಪ್ರತಿ ಶಾಸ್ತ್ರದಲ್ಲೂ ವಧೂವರರ ಬೆನ್ನ ಹಿಂದೆ ನಿಂತಿದ್ದಾರೆ. ಆಲ್ಬಮ್ ನೋಡಿದವರೆಲ್ಲ ಅವರನ್ನು ಸೋದರಮಾವಂದಿರು ಎಂದುಕೊಳ್ಳುತ್ತಾರೆ. ಅಕ್ಕನೂ ಈಗ ಹೌದೆಂದುಬಿಡುತ್ತಾಳೆ.

ನಾನು ಓದು ಮುಗಿಸಿ ಹೈದರಾಬಾದಿಗೆ ಅಕ್ಕನ ಮನೆಗೆ ಬಂದಾಗ ಮಾದಾಪುರದಲ್ಲಿ ಬಂಡೆ ಒಡೆಯುವ ಸದ್ದು ಇನ್ನೂ ನಿಂತಿರಲಿಲ್ಲ. ಒಂದು ಪಕ್ಕದಲ್ಲಿ ಗಾಜಿನ ಕಟ್ಟಡ ಏಳುತ್ತಿತ್ತು, ಇನ್ನೊಂದು ಪಕ್ಕದಲ್ಲಿ ಅದೇ ಕಟ್ಟಡ ಕಟ್ಟುವವರ ತಗಡಿನ ಗುಡಿಸಲು. ಅವರಲ್ಲಿ ಬಹಳ ಜನ ಭಾವನ ಕಡೆಯವರೇ. ಕಂಪ್ಯೂಟರ್ ಗೊತ್ತಿರುವ ಯಾರಿಗಾದರೂ ಅಲ್ಲಿ ಕೆಲಸ ಸಿಗುತ್ತಿದ್ದ ಕಾಲ ಅದು. ಭಾವ ಅಲ್ಲಿನ ಒಂದು ನಕ್ಷೆ ಕಂಪನಿಯಲ್ಲಿ ಸಿಸ್ಟಮ್ ಅಡ್ಮಿನ್ ಆಗಿದ್ದರು. ಅಂದರೆ ಎಲ್ಲರ ಕೆಲಸವೂ ಹೋಗಿ ಸೇರುವ ದೊಡ್ಡ ಸರ್ವರನ್ನು ನೋಡಿಕೊಳ್ಳುವವರು. ನನಗೂ ಅಲ್ಲೇ ಕೆಲಸ ಕೊಡಿಸಿದರು. ಕೊಡಿಸುವ ಮುನ್ನ ನನ್ನ ಡಿಗ್ರಿ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ನೋಡಿದರು.

"ನಾನು ಓದಿದ್ದು ನೀವೇ ನೋಡಿದ್ದೀರಲ್ಲ ಭಾವ?"

"ಓದಿದ್ದು ನೋಡೀನಿ. ಪಾಸಾಗಿದ್ದು ನೋಡಿಲ್ಲಲ್ಲ?"

ಮನೆ ಇದ್ದದ್ದು ಕುಷಾಯಿಗೂಡದಲ್ಲಿ, ಆಫೀಸು ಊರಿನ ಆ ತುದಿಯ ಮಾದಾಪುರದಲ್ಲಿ. ದಿನಾ ಅವರ ಸ್ಕೂಟರಿನ ಹಿಂದೆ ಕೂತು ಹೈದರಾಬಾದನ್ನು ಅಡ್ಡಲಾಗಿ ದಾಟಬೇಕು. ಸ್ಕೂಟರಿನ ಡಿಕ್ಕಿಯಲ್ಲಿ ಎಲ್ಲವೂ ಜೋಡಿ ಜೋಡಿ. ಎರಡು ಕ್ಲಚ್ ಕೇಬಲ್, ಎರಡು ಸ್ಪಾರ್ಕ್ ಪ್ಲಗ್, ಎರಡು ಸ್ಪ್ಯಾನರ್, ಕಡುಬೇಸಿಗೆಯಲ್ಲೂ ಎರಡು ರೇನ್‌ಕೋಟು. ಇಷ್ಟೆಲ್ಲ ಇದ್ದ ಗಾಡಿ ಒಂದು ದಿನ ತಾರ್ನಾಕದ ಹತ್ತಿರ ನಿಂತೇಬಿಟ್ಟಿತು. ಏಕೆ ಗೊತ್ತೇ? ಪೆಟ್ರೋಲ್ ಇರಲಿಲ್ಲ! ಬಂಕಿನವರು ಕಲಬೆರಕೆ ಮಾಡುತ್ತಾರೆಂಬ ಅನುಮಾನದಲ್ಲಿ ಭಾವ ಆ ವಾರ ಯಾವ ಬಂಕಿಗೂ ಹೋಗಿರಲಿಲ್ಲ. ಎರಡು ರೇನ್‌ಕೋಟು ಹೊತ್ತ ಗಾಡಿಯನ್ನು ನಾನು ಹಿಂದಿನಿಂದ ತಳ್ಳಿದೆ.

ಇನ್ನು ಆಫೀಸಿನ ಕಥೆ. ನಮ್ಮ ಕೆಲಸ ದೂರದೇಶದ ಯಾವುದೋ ಒಂದು ಊರಿನ ಹಳೇ ಕಾಗದದ ನಕ್ಷೆಗಳನ್ನು ಕಂಪ್ಯೂಟರಿನ ಮೇಲೆ ಗೆರೆಗೆರೆಯಾಗಿ ಮತ್ತೆ ಬಿಡಿಸುವುದು. ರಸ್ತೆ, ಮನೆ, ನೀರಿನ ಪೈಪು, ಚರಂಡಿ. ನಾವ್ಯಾರೂ ಆ ಊರನ್ನು ನೋಡಿರಲಿಲ್ಲ, ನೋಡುವ ಸಂಭವವೂ ಇರಲಿಲ್ಲ. ಆದರೆ ಅಲ್ಲಿನ ಮೇಯರಿಗೆ ಗೊತ್ತಿಲ್ಲದ ಚರಂಡಿ ನಮಗೆ ಗೊತ್ತಿತ್ತು. ವಾರಂಗಲ್ಲಿನ ಹುಡುಗಿ, ರಾಯಚೂರಿನ ಹುಡುಗ, ನಾನು, ಇನ್ನೂ ಒಂದು ಹಾಲ್ ತುಂಬ ಜನ ಆರು ತಿಂಗಳು ಕೂತು ಆ ಊರನ್ನು ಕಟ್ಟಿದೆವು. ಒಬ್ಬರು ಬಿಡಿಸಿದ್ದನ್ನು ಇನ್ನೊಬ್ಬರು ನೋಡಿ ಪಾಸ್ ಮಾಡುತ್ತಿದ್ದರು. ಎಲ್ಲವೂ ಆಗಿಂದಾಗ್ಗೆ ಸರ್ವರಿಗೆ ಹೋಗಿ ಸೇರುತ್ತಿತ್ತು. ಆ ಸರ್ವರಿನ ಪಕ್ಕದಲ್ಲಿ ಸಾಲಾಗಿ ಡಿಸ್ಕುಗಳಿರುವ ಒಂದು ಕಬ್ಬಿಣದ ಪೆಟ್ಟಿಗೆ. ಅಷ್ಟೂ ಡಿಸ್ಕುಗಳನ್ನು ಒಟ್ಟು ಸೇರಿಸಿ ಒಂದೇ ದೊಡ್ಡ ಜಾಗ ಅನ್ನುವಂತೆ ಮಾಡಿರುತ್ತಾರೆ. ಅದಕ್ಕೆ ವಾಲ್ಯೂಮ್ ಎಂದು ಹೆಸರು. ನಮ್ಮ ಊರು ಇದ್ದದ್ದು ಆ ವಾಲ್ಯೂಮಿನಲ್ಲಿ.

ಸರ್ವರ್ ರೂಮಿಗೆ ಭಾವನದೇ ಕಾನೂನು. ಚಪ್ಪಲಿ ಹೊರಗೆ. ಕೈ ತೊಳೆದು ಒರೆಸಿಕೊಂಡಿರಬೇಕು. ಪಾಸ್‌ವರ್ಡ್ ಹೊಡೆಯುವಾಗ ಒಳಗಿದ್ದವರು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಒಂದು ಸಲ ಎಸಿ ರಿಪೇರಿಗೆ ಬಂದವನನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿದವರು ಮರೆತು ಊಟಕ್ಕೆ ಹೋದರು. ವಾಪಸು ಬಂದಾಗ ಆತ ಇನ್ನೂ ಗೋಡೆ ನೋಡುತ್ತಲೇ ನಿಂತಿದ್ದ. ಪಾಪ, ತಣ್ಣಗಿದೆ ಎಂದು ನಿಂತಿದ್ದನೋ ಏನೋ.

ಇಂಥವರು ಬ್ಯಾಕಪ್ ವಿಷಯದಲ್ಲಿ ಹೇಗಿರಬೇಡ? ಪ್ರತಿ ಶುಕ್ರವಾರ ಇಡೀ ವಾಲ್ಯೂಮನ್ನು ಟೇಪಿಗೆ ನಕಲು ಮಾಡುತ್ತಿದ್ದರು. ಟೇಪು ಅಂದರೆ ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಕ್ಯಾಸೆಟ್ಟು. ಅದನ್ನು ಆಫೀಸಿನಲ್ಲಿಡುವ ಮಾತೇ ಇಲ್ಲ. ಬೆಂಕಿ ಬಿದ್ದರೆ? ನೀರು ನುಗ್ಗಿದರೆ? ಊಟದ ಡಬ್ಬಿಯ ಕೆಳಗಿನ ಅಂಕಣದಲ್ಲಿಟ್ಟುಕೊಂಡು ಮನೆಗೆ ತರುತ್ತಿದ್ದರು. ಮನೆಯಲ್ಲಿ ಎಲ್ಲಿಡುವುದು? ಬೀರುವಿನಲ್ಲಿಟ್ಟರೆ ಕಳ್ಳರು ಮೊದಲು ನೋಡುವುದೇ ಬೀರು. ಬಹಳ ಯೋಚಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಡುಗೆಮನೆಯ ದೊಡ್ಡ ಅಕ್ಕಿ ಡಬ್ಬದಲ್ಲಿ ಹೂತಿಟ್ಟರು.

"ಅಕ್ಕಿ ಪಸಿ ಎಳಕೊಂತೈತಿ. ಟೇಪಿಗೆ ಇದಕ್ಕಿಂತ ಛಲೋ ಜಾಗ ಇಲ್ಲ" ಎಂದರು.

"ಮತ್ತೆ ಅನ್ನಕ್ಕೆ ಏನು ಮಾಡಲಿ?" ಎಂದಳು ಅಕ್ಕ.

"ಮ್ಯಾಲಿನ ಅಕ್ಕಿ ನಿಂದು. ಕೆಳಗಿಂದು ನಂದು. ನಂದಕ್ಕ ಕೈ ಹಚ್ಚಬ್ಯಾಡ."

ಇಡುವುದು ಅವರೇ, ತೆಗೆಯುವುದು ಅವರೇ. ಇಟ್ಟ ಮೇಲೆ ಡಬ್ಬದ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಕುಟ್ಟಿ ನೋಡುವುದೂ ಅವರೇ. ಮಲಗುವ ಮುನ್ನ ಒಮ್ಮೆ, ಎದ್ದ ಮೇಲೆ ಒಮ್ಮೆ ಆ ಢಣ್ ಢಣ್ ಸದ್ದು ಕೇಳಿ ಕೇಳಿ ನಮಗೆ ಗಡಿಯಾರವೇ ಬೇಡವಾಗಿತ್ತು. ಹೆಂಡತಿಗೆ ಬೀರುವಿನ ಬೀಗದ ಕೈ ಕೊಟ್ಟವರು ಅಕ್ಕಿ ಡಬ್ಬದ ತಳ ಕೊಡಲಿಲ್ಲ. ಅಕ್ಕನಿಗೆ ಅದೊಂದು ನೋವಿತ್ತು ಎಂದು ನನಗೆ ಗೊತ್ತು. ನಗುನಗುತ್ತಲೇ ಹೇಳುತ್ತಿದ್ದಳು, "ನಮ್ಮನೇಲಿ ನನಗೆ ಅರ್ಧ ಡಬ್ಬ ಸೇರಿದ್ದು ಕಣೇ."

ಹೀಗಿರುವಾಗ ಆಯುಧಪೂಜೆ ಬಂತು.

ನಮ್ಮ ಕಂಪನಿಯ ಎಂ.ಡಿ. ಒಳ್ಳೆಯ ಮನುಷ್ಯ, ತೆಲುಗಿನವರು. ಅವರ ತಾಯಿ ಇನ್ನೂ ಒಳ್ಳೆಯವರು. ಪ್ರತಿ ವರ್ಷ ಅಮ್ಮಗಾರು ಬಂದು ಎಲ್ಲ ಕಂಪ್ಯೂಟರಿಗೂ ಕುಂಕುಮ ಇಟ್ಟು, ಮಾನಿಟರಿಗೆ ಚೆಂಡುಹೂವು ಸಿಕ್ಕಿಸಿ, ಬೂದುಗುಂಬಳ ಒಡೆಸುತ್ತಿದ್ದರು. ಆ ವರ್ಷ, ನಕ್ಷೆಗಳನ್ನು ಕಳಿಸಿಕೊಡಲು ಎರಡೇ ದಿನ ಉಳಿದಿದ್ದರಿಂದ, ಸರ್ವರಿಗೂ ಪೂಜೆ ಆಗಲೇಬೇಕೆಂದು ಹಟ ಹಿಡಿದರು. ಭಾವ ಬಾಗಿಲಿಗೆ ಅಡ್ಡ ನಿಂತರು. ಒಂದು ಗಂಟೆ ಮಾತುಕತೆಯಾಯಿತು. ಕೊನೆಗೆ ಅರಿಶಿನ ಬೇಡ, ತೆಂಗಿನಕಾಯಿ ನೀರು ಬೇಡ, ಕರ್ಪೂರ ಬೇಡವೇ ಬೇಡ, ದೇವರ ಫೋಟೋ ಒಂದು ಮೂಲೆಯಲ್ಲಿಟ್ಟು ಹೂ ಹಾಕಬಹುದು ಎಂಬ ಒಪ್ಪಂದವಾಯಿತು. ಅಮ್ಮಗಾರು ಚಪ್ಪಲಿ ಬಿಟ್ಟು, ಕೈ ತೊಳೆದು ಒಳಗೆ ಹೋದರು. ಭಾವ ಅವರ ಕೈಯನ್ನೇ ನೋಡುತ್ತ ನಿಂತರು. ಹೂವಿನ ಒಂದು ಎಸಳೂ ಸರ್ವರಿಗೆ ತಾಗಲಿಲ್ಲ.

ಆದರೆ ಎಂ.ಡಿ.ಯವರ ಕೈಯನ್ನು ಯಾರೂ ನೋಡುತ್ತಿರಲಿಲ್ಲ. ತಾಯಿಗೆ ಖುಷಿಯಾಗಲೆಂದು ಅವರು ಫೋಟೋಕ್ಕೆ ಒಂದು ಸೀರಿಯಲ್ ಲೈಟಿನ ಸರ ತಂದಿದ್ದರು. ಹಾಕಲು ಪ್ಲಗ್ ಬೇಕಲ್ಲ? ಆ ಮೂಲೆಯ ಗೋಡೆಯಲ್ಲಿದ್ದದ್ದೊಂದು, ಅದೂ ತುಂಬಿತ್ತು. ಅದರಲ್ಲಿದ್ದ ಕಪ್ಪು ವೈರನ್ನು ಕಿತ್ತು ಸರದ ವೈರು ಚುಚ್ಚಿದರು. ಆ ಕಪ್ಪು ವೈರು ಡಿಸ್ಕಿನ ಪೆಟ್ಟಿಗೆಯದು.

ಕೆಂಪು, ಹಸಿರು, ನೀಲಿ ದೀಪ ಮಿಣಮಿಣ ಹೊತ್ತಿದವು. ಡಿಸ್ಕುಗಳ ದೀಪ ಅಷ್ಟೂ ಆರಿದವು. ಎಲ್ಲರೂ ಕೈಮುಗಿದರು.

ಹಾಲಿನಲ್ಲಿ ಹತ್ತಾರು ಜನ ಅದೇ ಗಳಿಗೆಯಲ್ಲಿ ತಮ್ಮ ನಕ್ಷೆಗಳನ್ನು ಸೇವ್ ಮಾಡುತ್ತಿದ್ದೆವು. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಏನಾಗುತ್ತದೆಂದರೆ, ಬರೆದದ್ದು ಡಿಸ್ಕಿನಲ್ಲೇ ಇರುತ್ತದೆ, ಆದರೆ ಯಾವುದು ಎಲ್ಲಿದೆ ಎನ್ನುವ ಸೂಚಿ ಕಲಸಿಹೋಗುತ್ತದೆ. ಪ್ಲಗ್ ವಾಪಸು ಹಾಕಿದ ಮೇಲೂ ವಾಲ್ಯೂಮ್ ತೆರೆಯಲಿಲ್ಲ. ಆರು ತಿಂಗಳಿನ ಊರು ಇದ್ದ ಜಾಗದಲ್ಲಿ ಖಾಲಿ ಪರದೆ.

"ಅಂತಾ ಪೋಯಿಂದಾ?" ಎಂದರು ಎಂ.ಡಿ. ಎಲ್ಲಾ ಹೋಯಿತಾ ಅಂತ. ಕಳಿಸದೇ ಹೋದರೆ ಆ ಕೆಲಸ ಕೈತಪ್ಪುತ್ತಿತ್ತು. ಅದರ ಹಿಂದೆಯೇ ಹಾಲಿನಲ್ಲಿದ್ದ ಎಲ್ಲರ ಕೆಲಸವೂ. ಮೊದಲು ಹೋಗುವುದು ಸರ್ವರ್ ನೋಡಿಕೊಳ್ಳುವವರದು ಎಂದು ಹೇಳಬೇಕಾಗಿರಲಿಲ್ಲ.

ಭಾವ ಮಾತ್ರ ಕಲ್ಲಿನಂತೆ ನಿಂತಿದ್ದರು. "ದೇವರಿಗೆ ಲೈಟ್ ಬಂತು, ನಮಗ ಹೋತು. ಚಿಂತಿ ಮಾಡಬ್ಯಾಡ್ರಿ, ಟೇಪ್ ಅದಾವ" ಎಂದು ಕನ್ನಡದಲ್ಲೇ ಹೇಳಿ, ನನ್ನ ಕಡೆ ತಿರುಗಿ, "ಏ ಮೈಸೂರ ಮೇಡಂ, ನಡಿ ಮನಿಗಿ" ಎಂದರು.

ಜೀವಮಾನದಲ್ಲಿ ಮೊದಲ ಸಲ ಅವರ ಅಪನಂಬಿಕೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ದಾರಿಯುದ್ದಕ್ಕೂ ಭಾವ ಹಾಡು ಗುನುಗುತ್ತಿದ್ದರು. ಇಷ್ಟು ವರ್ಷ ಎಲ್ಲರ ಕೈಲಿ ನಗಿಸಿಕೊಂಡವರಿಗೆ ಕೊನೆಗೂ ಗೆಲ್ಲುವ ದಿನ ಬಂದಿತ್ತಲ್ಲ!

ಮನೆಗೆ ಬಂದು ಅಡುಗೆಮನೆಗೆ ನುಗ್ಗಿದರೆ ಅಕ್ಕಿ ಡಬ್ಬ ತೊಳೆದು ಬೋರಲು ಹಾಕಿತ್ತು.

"ಅಕ್ಕೀ?" ಎಂದರು ಭಾವ.

"ಹುಳ ಬಿದ್ದಿತ್ತು ರೀ. ಮೇಲೆ ಬಿಸಿಲಿಗೆ ಹಾಕಿದ್ದೀನಿ" ಎಂದಳು ಅಕ್ಕ ಒಗ್ಗರಣೆ ಹಾಕುತ್ತಾ.

ಮೂವರೂ ತಾರಸಿಗೆ ಓಡಿದೆವು. ಹೈದರಾಬಾದಿನ ಬಿಸಿಲು ದಸರಾದಲ್ಲೂ ರಜೆ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಹಳೇ ಸೀರೆಯ ಮೇಲೆ ತೆಳ್ಳಗೆ ಹರಡಿದ ಅಕ್ಕಿ. ಅದರ ಅಂಚಿಗೆ, ಪ್ಲಾಸ್ಟಿಕ್ ಬಿಚ್ಚಿ, ಬಾಯಿ ಮೇಲೆ ಮಾಡಿ ಒಪ್ಪವಾಗಿ ಸಾಲಾಗಿಟ್ಟ ಎಲ್ಲಾ ಟೇಪುಗಳು.

"ಅದರೊಳಗೂ ಒಂದೆರಡು ಹುಳ ಹೋಗಿದ್ದವು ರೀ. ನಿಮ್ಮ ಸಾಮಾನಲ್ವಾ, ಹಾಳಾಗಬಾರದು ಅಂತ ಅದಕ್ಕೂ ಬೆಳಿಗ್ಗೆಯಿಂದ ಬಿಸಿಲು ತೋರಿಸ್ತಿದ್ದೀನಿ" ಎಂದಳು ಅಕ್ಕ. ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ಸಮಾಧಾನ.

ಭಾವ ಕುಕ್ಕರಗಾಲಲ್ಲಿ ಕೂತು ಒಂದು ಟೇಪು ಎತ್ತಿಕೊಂಡರು. ಅದರ ಪ್ಲಾಸ್ಟಿಕ್ ಮೈ ಸುಟ್ಟ ಹಪ್ಪಳದಂತೆ ಒಂದು ಕಡೆಗೆ ಸೊಟ್ಟಗಾಗಿತ್ತು. ಊದಿದರು. ಒಳಗಿನಿಂದ ಅಕ್ಕಿಹಿಟ್ಟು ಹಾರಿತು. ಟವೆಲ್ಲಿನಲ್ಲಿ ಟೇಪುಗಳನ್ನೆಲ್ಲ ಕಟ್ಟಿಕೊಂಡು ಕೆಳಗಿಳಿದು ಹೋದರು.

ಅಕ್ಕ ನನ್ನ ತೋಳು ಹಿಡಿದುಕೊಂಡಳು. "ಏನಾಯ್ತೇ? ಯಾಕೆ ಹೀಗೆ ಹೋದ್ರು?" ಮುಚ್ಚಿಡುವಂತಿರಲಿಲ್ಲ. ವಾಲ್ಯೂಮ್ ಕೆಟ್ಟದ್ದು, ಈ ಟೇಪುಗಳನ್ನು ಬಿಟ್ಟರೆ ನಮ್ಮ ಕೆಲಸ ಬೇರೆಲ್ಲೂ ಇಲ್ಲದ್ದು ಎಲ್ಲವನ್ನೂ ಹೇಳಿದೆ. ಅಕ್ಕ ತಾರಸಿಯ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟಳು. "ನನ್ನಿಂದ ಅವರ ಕೆಲಸ ಹೋಗುತ್ತೇನೇ?" ಎಂದಳು. ಕೆಳಗೆ ಸ್ಕೂಟರಿನ ಹಾರ್ನ್ ಕೇಳಿತು. ನಾನು ಕೆಳಗೆ ಓಡಿದೆ.

ಆಫೀಸಿಗೆ ವಾಪಸು ಬಂದು ಭಾವ ಇದ್ದುದರಲ್ಲಿ ನೆಟ್ಟಗಿದ್ದ ಟೇಪನ್ನು ಯಂತ್ರಕ್ಕೆ ಹಾಕಿದರು. ಯಂತ್ರ ಕರಕರ ಎಂದಿತು, ಕೆಮ್ಮಿತು, ನಿಂತಿತು. ಸರ್ವರ್ ರೂಮಿನಲ್ಲಿ ಎಲ್ಲರೂ ಬಾಗಿ ನೋಡುತ್ತಿದ್ದಂತೆ ಅದರ ಬಾಯಿಂದ ಒಂದು ಅಕ್ಕಿಹುಳ ನಿಧಾನವಾಗಿ ಹೊರಗೆ ಬಂದು, ಅತ್ತ ಇತ್ತ ನೋಡಿ, ಮೀಸೆ ಆಡಿಸಿತು. ಚಪ್ಪಲಿ ಬಿಡದೆ, ಕೈ ತೊಳೆಯದೆ ಆ ಕೋಣೆಗೆ ಬಂದವರು ಅದೊಬ್ಬರೇ!

"ಏಂಟಿದಿ?" ಎಂದರು ಎಂ.ಡಿ. ಇದೇನು ಎಂದು ಅವರು ಕೇಳಿದ್ದರಲ್ಲಿ ತಪ್ಪಿಲ್ಲ.

"ಅಕ್ಕಿಹುಳ" ಎಂದರು ಭಾವ. ಆಮೇಲೆ ತಮ್ಮ ಹೈದರಾಬಾದಿ ಹಿಂದಿಯಲ್ಲಿ, "ಮೈಚ್ ಧೂಪ್ ಮೇ ರಖ್ಖಾ ಸಾಬ್" ಎಂದರು. ನಾನೇ ಬಿಸಿಲಿಗಿಟ್ಟೆ ಅಂತ.

ನಾನು ಕತ್ತೆತ್ತಿ ನೋಡಿದೆ. ಪೆನ್ನಿನ ಮುಚ್ಚಳ ಕಳೆದರೂ ಕಳೆದವರು ಯಾರೆಂದು ಪತ್ತೆ ಹಚ್ಚಿ ಊರಿಗೆಲ್ಲ ಸಾರುವವರು ಇವರು. ನನ್ನ ಕಡೆ ನೋಡದೆ ಹುಳವನ್ನು ಒಂದು ಕಾಗದದ ಮೇಲೆ ಹತ್ತಿಸಿಕೊಂಡು ಕಿಟಕಿಯಾಚೆ ಬಿಟ್ಟರು.

ಪ್ಲಗ್ ಕಿತ್ತವರು ಎಂ.ಡಿ.ಯೇ ಆದ್ದರಿಂದ ಅವರಿಗೂ ಹೆಚ್ಚು ಕೂಗಾಡುವ ಧೈರ್ಯವಿರಲಿಲ್ಲ. ಕೆಟ್ಟ ವಾಲ್ಯೂಮನ್ನು ರಿಪೇರಿ ಮಾಡುವ ಒಂದು ಪ್ರೋಗ್ರಾಮ್ ಇರುತ್ತದಂತೆ. ಅದನ್ನು ಈಗಲೇ ಓಡಿಸಿ ಎಂದು ಅವಸರಪಡಿಸಿದರು.

"ನಕ್ಕೋ ಸಾಬ್" ಎಂದರು ಭಾವ, ಬೇಡ ಅಂತ. ಮೊದಲು ಕೆಟ್ಟದ್ದರದ್ದೇ ಒಂದು ನಕಲು ಆಗಬೇಕು, ರಿಪೇರಿ ಏನಿದ್ದರೂ ಆ ನಕಲಿನ ಮೇಲೆ, ಮೂಲಕ್ಕೆ ಯಾರೂ ಕೈ ಹಚ್ಚಕೂಡದು ಎಂದರು. ಹೊಸ ಕಂಪ್ಯೂಟರುಗಳಿಗೆಂದು ಸ್ಟೋರಿನಲ್ಲಿದ್ದ ಡಿಸ್ಕುಗಳನ್ನೆಲ್ಲ ತರಿಸಿದರು. ನಕಲಾಗುವುದಕ್ಕೆ ಬೆಳಗಿನವರೆಗೂ ಹಿಡಿಯುತ್ತಿತ್ತು. ಅದನ್ನು ಒಂಟಿಯಾಗಿ ಬಿಟ್ಟು ಬರುವಷ್ಟು ನಂಬಿಕೆ ಅವರಿಗಿರಲಿಲ್ಲ. ನನ್ನನ್ನು ಆಫೀಸಿನ ಗಾಡಿಯಲ್ಲಿ ಮನೆಗೆ ಕಳಿಸಿದರು. ಡ್ರೈವರನ ಲೈಸೆನ್ಸ್ ನೋಡಿದ ಮೇಲೆ.

ಮನೆಯಲ್ಲಿ ಅಕ್ಕ ಮೊರ ಹಿಡಿದು ಅಕ್ಕಿ ಕೇರುತ್ತಾ ಕೂತಿದ್ದಳು. ಆಗಲೇ ಕೇರಿದ ಅಕ್ಕಿಯನ್ನೇ ಮತ್ತೆ ಮತ್ತೆ. "ಒಂದು ಮಾತು ಬೈದಿದ್ರೆ ಚೆನ್ನಾಗಿತ್ತು ಕಣೇ. ಏನೂ ಅನ್ನಲಿಲ್ಲವಲ್ಲ" ಎಂದಳು. ಭಾವ ಆಫೀಸಿನಲ್ಲಿ ಏನು ಹೇಳಿದರೆಂದು ನಾನು ತಿಳಿಸಿದೆ. ಅಕ್ಕನ ಕೈ ನಿಂತಿತು.

"ಸುಳ್ಳು ಹೇಳಿದ್ರಾ? ಇವರಾ?"

"ಹೂಂ."

"ಇವರಾ?" ಎಂದು ಇನ್ನೊಮ್ಮೆ ಕೇಳಿದಳು. ಗಂಡನ ಜೊತೆ ಬಾಳಿ ಬಾಳಿ ಅವಳಿಗೂ ಖಾತ್ರಿ ಮಾಡಿಕೊಳ್ಳುವ ರೋಗ ಅಂಟಿತ್ತು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮಾರನೇ ದಿನ ವಿಜಯದಶಮಿ, ಆಫೀಸಿಗೆ ರಜೆ. ಅಕ್ಕ ಕಟ್ಟಿಕೊಟ್ಟ ಡಬ್ಬಿ ಹಿಡಿದು ಬಸ್ಸು ಬದಲಿಸಿ ಬದಲಿಸಿ ಮಾದಾಪುರ ಸೇರುವಷ್ಟರಲ್ಲಿ ನಕಲು ಮುಗಿದಿತ್ತು. ಮೂಲ ಡಿಸ್ಕುಗಳು ಕಪಾಟಿನಲ್ಲಿ, ಕಪಾಟಿಗೆ ಬೀಗ, ಬೀಗ ಎಳೆದು ನೋಡಿಯಾಗಿದೆ. ರಿಪೇರಿ ಪ್ರೋಗ್ರಾಮ್ ನಕಲಿನ ಮೇಲೆ ಓಡುತ್ತಿತ್ತು. ಓಡುತ್ತಿತ್ತು ಅನ್ನುವುದಕ್ಕಿಂತ ಪ್ರಶ್ನೆ ಕೇಳುತ್ತಿತ್ತು ಅನ್ನಬೇಕು. ಈ ಕಡತಕ್ಕೆ ಹೆಸರಿಲ್ಲ, ಬೇರೆ ಕಡೆ ಇಡಲೇ? ಈ ಜಾಗ ತನ್ನದೆಂದು ಇಬ್ಬರು ಹೇಳುತ್ತಿದ್ದಾರೆ, ಒಬ್ಬರಿಂದ ಕಿತ್ತುಕೊಳ್ಳಲೇ? ಇದು ಅರ್ಧವೇ ಇದೆ, ಅಳಿಸಲೇ?

"ಅನ್ನಿಟಿಕೀ ಎಸ್ ಕೊಟ್ಟೆಯ್ಯಂಡಿ" ಎಂದರು ಎಂ.ಡಿ. ಎಲ್ಲದಕ್ಕೂ ಎಸ್ ಒತ್ತಿಬಿಟ್ಟರೆ ಬೇಗ ಮುಗಿಯುತ್ತದಲ್ಲ ಎಂದು ಅವರ ಲೆಕ್ಕ.

ಭಾವ ಅವರ ಕಡೆ ತಿರುಗಲೂ ಇಲ್ಲ. ಅವರು ಪರದೆಯ ಜೊತೆ ಜಗಳದಲ್ಲಿದ್ದರು. "ಅಳಸು ಅಂತ ನಿನಗ್ಯಾರು ಹೇಳ್ಯಾರ? ಸುಮ್ನ ಇಡು. ಇಬ್ಬರದೂ ಅಂದ್ರ ಇಬ್ಬರಿಗೂ ಒಂದೊಂದು ನಕಲು ಕೊಡು. ನೀನ್ಯಾಂವ ಕಸಗೊಳ್ಳಾಕ?" ಒಂದೊಂದು ಪ್ರಶ್ನೆಗೂ ಯೋಚಿಸಿ ಉತ್ತರ, ಉತ್ತರ ಕೊಟ್ಟ ಮೇಲೆ ಸರಿಯಾಯಿತೇ ಎಂದು ಪರೀಕ್ಷೆ. ಈ ಮನುಷ್ಯನ ಜೊತೆ ತರಕಾರಿ ತರಲು ಹೋದರೆ ಒಂದು ಕಿಲೋ ಬೆಂಡೆಕಾಯಿಗೆ ಅರ್ಧ ದಿನ ಎಂದು ನಾವೆಲ್ಲ ರೇಗುತ್ತಿದ್ದೆವಲ್ಲ, ಪ್ರತಿ ಬೆಂಡೆಕಾಯಿಯ ತುದಿ ಮುರಿದು ನೋಡುವ ಅದೇ ಕೈ ಅಲ್ಲಿ ಕೀಬೋರ್ಡಿನ ಮೇಲಿತ್ತು. ಆವತ್ತು ಯಾರೂ ರೇಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪ್ರಶ್ನೆಗಳು ಮುಗಿದವು. ವಾಲ್ಯೂಮ್ ತೆರೆಯಿತು. ಎಷ್ಟೋ ನಕ್ಷೆಗಳು ತಮ್ಮ ಜಾಗದಲ್ಲೇ ಇದ್ದವು. ಉಳಿದ ರಾಶಿ ಮಾತ್ರ ಹೆಸರು ಕಳೆದುಕೊಂಡು, ಬರೀ ನಂಬರು ಹೊತ್ತು ಒಂದು ಮೂಲೆಯಲ್ಲಿ ಬಿದ್ದಿತ್ತು. ಯಾವ ಹಾಳೆ ಯಾವ ಬೀದಿಯದು ಎಂದು ಹೇಗೆ ಹೇಳುವುದು?

ಭಾವ ಆಗ ಮಾಡಿದ ಕೆಲಸವನ್ನು ನಾನು ಎಂದೂ ಊಹಿಸಿರಲಿಲ್ಲ. ಸರ್ವರ್ ರೂಮಿನ ಬಾಗಿಲನ್ನು ಪೂರ್ತಿ ತೆರೆದು, ಹಬ್ಬದ ಬಟ್ಟೆಯಲ್ಲೇ ಓಡಿಬಂದು ಹಾಲಿನಲ್ಲಿ ಮುಖ ಸಣ್ಣ ಮಾಡಿಕೊಂಡು ಕೂತಿದ್ದವರನ್ನೆಲ್ಲ ಒಳಗೆ ಕರೆದರು. "ಬರ್ರಿ, ನಿಮ್ಮ ನಿಮ್ಮ ಓಣಿ ಗುರ್ತು ಹಿಡೀರಿ." ಚಪ್ಪಲಿ ವಿಷಯ ಎತ್ತಲೂ ಇಲ್ಲ.

ಒಂದೊಂದೇ ನಕ್ಷೆ ಪರದೆಯ ಮೇಲೆ ತೆರೆಯುತ್ತಾ ಹೋದರು. ವಾರಂಗಲ್ಲಿನ ಹುಡುಗಿ, "ಇದಿ ನಾದಿ" ಎಂದಳು, ಇದು ನಂದು ಅಂತ. ಅವಳ ತಿರುವುಗಳೆಲ್ಲ ರಂಗೋಲಿಯ ಬಳ್ಳಿಯಂತೆ ಗುಂಡಗೆ ಇರುತ್ತಿದ್ದವು. ರಾಯಚೂರಿನ ಹುಡುಗ ಒಂದು ರಸ್ತೆಗೆ ಬೆರಳಿಟ್ಟು, "ಇದು ನಂದರಿ. ಇಲ್ಲಿ ನನಗ ನಿದ್ದಿ ಬಂದಿತ್ತು" ಎಂದ. ನೋಡಿದರೆ ಹೌದು, ನೆಟ್ಟಗೆ ಹೋಗುತ್ತಿದ್ದ ರಸ್ತೆ ನಡುವೆ ಸ್ವಲ್ಪ ತೂಗಾಡಿ, ಒಂದು ಮನೆಯೊಳಗೆ ನುಗ್ಗಿ, ಎಚ್ಚರವಾಗಿ ಈಚೆ ಬಂದಿತ್ತು.

"ಇದನ್ನ ಪಾಸ್ ಮಾಡಿದವರು ಯಾರು?" ಎಂದರು ಭಾವ ಹಳೇ ದನಿಯಲ್ಲಿ.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಗೋಡೆಗೆ ಮುಖ ಮಾಡಿ ನಿಂತೆ. ಎಲ್ಲರೂ ನಕ್ಕರು. ಹಿಂದಿನ ದಿನದಿಂದ ಆ ಕಟ್ಟಡದಲ್ಲಿ ಯಾರೂ ನಕ್ಕಿರಲಿಲ್ಲ.

ಸಂಜೆಯಾಗುವಷ್ಟರಲ್ಲಿ ಊರು ಊರಾಯಿತು. ಸೇವ್ ಆಗುತ್ತಿರುವಾಗಲೇ ತುಂಡಾದ ಕೆಲವು ಹಾಳೆಗಳನ್ನು ಮತ್ತೆ ಬಿಡಿಸಿದೆವು, ಅಷ್ಟೇ ನಷ್ಟ. ಎಂ.ಡಿ. ಕುರ್ಚಿಯಲ್ಲಿ ಕುಸಿದು ಕಣ್ಣು ಮುಚ್ಚಿಕೊಂಡರು. ಅಮ್ಮಗಾರು ಬೇಸಿನ್ ತುಂಬ ಪುಳಿಹೊರ ಕಳಿಸಿದರು. ನಾವೆಲ್ಲ ನೆಲದ ಮೇಲೆ ಕೂತು ಕೈಯಲ್ಲೇ ತಿಂದೆವು. ಎದೆಯ ಮೇಲಿನ ಕಲ್ಲು ಇಳಿಯಿತು ಎನ್ನುತ್ತಾರಲ್ಲ, ಇಳಿದ ಮೇಲೆ ಎಷ್ಟು ಹಸಿವಾಗುತ್ತದೆಂದು ನನಗೆ ಆವತ್ತು ಗೊತ್ತಾಯಿತು. ಭಾವ ಮಾತ್ರ ಟೇಪಿನ ಯಂತ್ರವನ್ನು ಬಿಚ್ಚಿ, ಬ್ರಷ್ಷಿನಲ್ಲಿ ಅಕ್ಕಿಹಿಟ್ಟು ಗುಡಿಸಿ, ಹೊಸ ಟೇಪು ಹಾಕಿ ನಕಲು ತೆಗೆದರು. ಅದು ಮುಗಿದ ಮೇಲೇ ತುತ್ತು ಎತ್ತಿದ್ದು.

ಸ್ಕೂಟರಿನಲ್ಲಿ ಮನೆಗೆ ಹೊರಟಾಗ ದಾರಿಯಲ್ಲಿ ಎಲ್ಲೆಲ್ಲೂ ಜನ ಹೊಸ ಬಟ್ಟೆ ಉಟ್ಟು ಜಮ್ಮಿ ಎಲೆ ಹಂಚುತ್ತಿದ್ದರು. ಅದನ್ನೇ ನಾವು ಬನ್ನಿ ಎನ್ನುತ್ತೇವೆ. ಭಾವನ ಕಡೆಯವರಿಗೆ ಅದು ಬಂಗಾರಕ್ಕೆ ಸಮ. ಭಾವ ಗಾಡಿ ನಿಲ್ಲಿಸಿ ಒಂದು ಹಿಡಿ ಎಲೆ ಇಸಕೊಂಡರು. ಬನ್ನಿಯೋ ಬೇರೆ ಸೊಪ್ಪೋ ಎಂದು ಮೂಸಿ ನೋಡಿದರು, ಆ ಮಾತು ಬೇರೆ.

ಬಾಗಿಲು ತೆರೆದ ಅಕ್ಕ ನಮ್ಮಿಬ್ಬರ ಮುಖವನ್ನೂ ನೋಡಿದಳು. ನಾನು ಹಿಂದಿನಿಂದ, ಎಲ್ಲಾ ಸಿಕ್ಕಿತು ಎಂದು ಸನ್ನೆ ಮಾಡಿದೆ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ಭಾವ ಕೈಕಾಲು ತೊಳೆದು ಬಂದು ಚಾಪೆಯ ಮೇಲೆ ಕೂತರು.

"ಅಕ್ಕಿಹುಳ ಎಲ್ಲಾ ಹೋದುವೇನು?" ಎಂದರು.

"ಹೋದವು ರೀ" ಎಂದಳು ಅಕ್ಕ.

"ಹಂಗಾರ ಬಾ ಇಲ್ಲಿ."

ಅಕ್ಕ ಹತ್ತಿರ ಬಂದಳು. ಭಾವ ಅವಳ ಅಂಗೈಯಲ್ಲಿ ಬನ್ನಿ ಎಲೆ ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದರು. ಆಮೇಲೆ ಊಟದ ಡಬ್ಬಿಯ ಕೆಳಗಿನ ಅಂಕಣ ಬಿಚ್ಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹೊಸ ಟೇಪನ್ನು ತೆಗೆದು ಆ ಎಲೆಯ ಮೇಲೆಯೇ ಇಟ್ಟರು.

"ನೀನ ಇಡು" ಎಂದರು.

ಅಕ್ಕ ಟೇಪನ್ನು ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಗೆ ಹೋದಳು. ಅಕ್ಕಿ ಸರಿದ ಸದ್ದು ಕೇಳಿತು, ಮುಚ್ಚಳ ಹಾಕಿದ ಸದ್ದು ಕೇಳಿತು. ನಾನು ಭಾವನನ್ನೇ ನೋಡುತ್ತಿದ್ದೆ. ಈಗ ಏಳುತ್ತಾರೆ, ಹೋಗಿ ಕುಟ್ಟಿ ನೋಡುತ್ತಾರೆ ಎಂದುಕೊಂಡೆ. ಅವರು ಎರಡೂ ಕಾಲು ಚಾಚಿ, ಗೋಡೆಗೆ ಒರಗಿ, ಕಣ್ಣು ಮುಚ್ಚಿದರು. ಅಕ್ಕ ಅಡುಗೆಮನೆಯಿಂದ ಈಚೆ ಬರುವ ಮೊದಲೇ ಅವರಿಗೆ ನಿದ್ದೆ ಹತ್ತಿತ್ತು.